ಕರಡಿ ನೋಡೋಕೆ ಯಾವ ರಸ್ತೆ? ಕಾರವಾರ–ಅಣಶಿ–ದಾಂಡೇಲಿ ಕಡೆ ಹೋದವರು ಹೇಳಿ

ಕೋಡಿಬಾಗದ ಹುಡುಗ
ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬರುತ್ತಿದ್ದಾರೆ. ಪ್ರತಿ ಸಲ ಸಮುದ್ರ, ಮೀನೂಟ, ದೇವಬಾಗ ಅಷ್ಟೇ ಆಗುತ್ತದೆ, ಈ ಸಲ ಕಾಡು ತೋರಿಸು ಅಂತ ಹಠ. ದೊಡ್ಡವನಿಗೆ ಕರಡಿಯೇ ಬೇಕಂತೆ. ಹುಲಿ ಬೇಡ, ಕರಿ ಚಿರತೆ ಬೇಡ, ಕರಡಿ!

ನಮ್ಮದು ಸಣ್ಣ ಕಾರು. ಕದ್ರಾ, ಅಣಶಿ, ಜೊಯಿಡಾ ಮೇಲೆ ದಾಂಡೇಲಿಗೆ ಹೋಗಿ, ಬರುವಾಗ ಯಲ್ಲಾಪುರದಿಂದ ಅರಬೈಲ್ ಘಾಟಿ ಇಳಿದು ಅಂಕೋಲಾ ಮೇಲೆ ವಾಪಸ್ ಅಂತ ಯೋಚನೆ. ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿಗೆ ಹೋದರೆ ಕರಡಿ ಸಿಗುವ ಸಾಧ್ಯತೆ ಜಾಸ್ತಿ? ಗೊತ್ತಿದ್ದವರು ಹೇಳಿ.

ಬೆಳಗಾವಿ ಬುಲೆಟ್
ರಾತ್ರಿ ಹೋಗಿ ಬ್ರೋ. ಊಟ ಮುಗಿಸಿ ಕಾರವಾರ ಬಿಡಿ, ಹೈ ಬೀಮ್ ಹಾಕಿ ನಿಧಾನಕ್ಕೆ ಅಣಶಿ ಘಾಟಿ ಹತ್ತಿ. ಹಗಲು ಹೋದರೆ ಮಂಗ ಬಿಟ್ಟು ಬೇರೇನೂ ಕಾಣಲ್ಲ.

ಸ್ಟೇರಿಂಗ್ ಮಾಮ
ಬುಲೆಟ್ ತಮ್ಮಾ, ಸಣ್ಣ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಘಾಟಿ ಹತ್ತಿ ಅಂತೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ. ಆ ದಾರಿಯಲ್ಲಿ ಬಸ್ಸು ಓಡಿಸಿಯೇ ಕೂದಲು ಬೆಳ್ಳಗಾದವನು ನಾನು. ರಾತ್ರಿ ಅಲ್ಲಿ ಹೆದರಬೇಕಾದ್ದು ಕರಡಿಗಲ್ಲ. ತಿರುವಿನಲ್ಲಿ ದೀಪ ಇಳಿಸದೆ ಬರುವ ಲಾರಿ, ರಸ್ತೆ ಮಧ್ಯೆ ಮಲಗಿದ ದನ, ಗಾಳಿಗೆ ಬಿದ್ದ ಮರ. ಕೆಟ್ಟು ನಿಂತರೆ ಫೋನಿಗೆ ನೆಟ್‌ವರ್ಕೂ ಸಿಗುವುದಿಲ್ಲ. ಹೈ ಬೀಮ್ ಕಣ್ಣಿಗೆ ಹೊಡೆದರೆ ಪ್ರಾಣಿಗೆ ದಿಕ್ಕೇ ತೋಚುವುದಿಲ್ಲ, ಗಾಡಿಗೇ ಬಂದು ಬೀಳುತ್ತದೆ. ಅದು ಹುಲಿ ಮೀಸಲು ಪ್ರದೇಶ ಬೇರೆ. ರಾತ್ರಿ ಓಡಾಟಕ್ಕೆ ಆಗ ಏನು ನಿಯಮ ಇದೆ ಅಂತ ಹೊರಡುವ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು. ನನ್ನ ಬಸ್ಸಿಗೆ ಕರಡಿ ಅಡ್ಡ ಬಂದದ್ದು ಘಾಟಿಯಲ್ಲಿ ಅಲ್ಲ. ಘಾಟಿ ಮುಗಿದು, ಜೊಯಿಡಾ ದಾಟಿ, ದಾಂಡೇಲಿ ಹತ್ತಿರ ಬಂದ ಮೇಲೆ. ಅದೂ ಬೆಳಗಿನ ಜಾವದ ಮೊದಲ ಬಸ್ಸಿಗೆ.

ತೋಟದ ಮನೆ
ಮಾಮ ಹೇಳಿದ್ದಕ್ಕೆ ಕಾರಣ ಇದೆ. ಪೇಟೆಯಿಂದ ಬರುವವರು ಇದನ್ನೇ ತಪ್ಪು ತಿಳಿಯುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೋಡಲು ಚಂದದ ರಸ್ತೆ ಒಂದು ಕಡೆ, ಕರಡಿಗೆ ಬೇಕಾದ ಕಾಡು ಇನ್ನೊಂದು ಕಡೆ.

ಕದ್ರಾದಿಂದ ಅಣಶಿಗೆ ಹತ್ತುವ ಇಳಿಜಾರು ಪೂರ್ತಿ ದಟ್ಟ ಹಸಿರು. ಎತ್ತರದ ಮರ, ಒದ್ದೆ ನೆಲ, ಬಿಸಿಲು ಕೆಳಗೆ ಬೀಳುವುದೇ ಕಷ್ಟ. ಫೋಟೋಕ್ಕೆ ಅದೇ ಚಂದ. ಕರಡಿ ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಅದಕ್ಕೆ ಇಷ್ಟ ಎಲೆ ಉದುರುವ ಕಾಡು. ಮತ್ತಿ, ನಂದಿ, ಸಾಗವಾನಿ, ಬಿದಿರು ಹಿಂಡು, ನಡುವೆ ಬಯಲು, ಬಂಡೆ, ಎಲ್ಲಕ್ಕಿಂತ ಮುಖ್ಯವಾಗಿ ಹುತ್ತ. ಅಂಥ ಕಾಡು ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಹೋದ ಹಾಗೆ ಶುರುವಾಗುತ್ತದೆ. ದಾಂಡೇಲಿ, ಹಳಿಯಾಳ, ಯಲ್ಲಾಪುರದ ಮೇಲ್ಭಾಗ, ಮುಂಡಗೋಡ ಕಡೆ.

ಆದ್ದರಿಂದ ಯಾವ ರಸ್ತೆ ಅಂತ ಕೇಳಬೇಡಿ. ಆ ತಿಂಗಳು ಯಾವ ಹಣ್ಣು ಬಿದ್ದಿದೆ ಅಂತ ಕೇಳಿ. ಕರಡಿ ಹೊಟ್ಟೆಯ ಹಿಂದೆ ಹೋಗುವ ಪ್ರಾಣಿ. ಚಳಿಗಾಲಕ್ಕೆ ಬೋರೆಹಣ್ಣು. ಬೇಸಿಗೆ ಬಂತೆಂದರೆ ಕಕ್ಕೆಕಾಯಿ. ಆ ಉದ್ದದ ಕರೀ ಕೋಡು ಒಡೆದು ಒಳಗಿನ ತಿರುಳು ತಿನ್ನುತ್ತದೆ, ಬೀಜ ಎಲ್ಲ ಲದ್ದಿಯಲ್ಲಿ ಹಾಗೇ ಹೊರಗೆ ಬಿದ್ದಿರುತ್ತದೆ. ಗೇರುಹಣ್ಣು ಬಿಟ್ಟಾಗ ಗೇರು ಪ್ಲಾಟಿಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳು ಕವಳಿಹಣ್ಣು ಮತ್ತು ಜೇನು. ಆಮೇಲೆ ನೇರಳೆ, ಹಲಸು. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಒರಲೆ (ಗೆದ್ದಲು) ಹುತ್ತ ಅಗೆಯುವುದು ಸುಲಭ. ನೀವು ಬರುವುದು ಮಾರ್ಚ್ ಕೊನೆಗೆ. ಕವಳಿ ಇನ್ನೂ ಹಸಿರು. ಕಕ್ಕೆ, ಗೇರು ಇರುವ ಜಾಗ ಮತ್ತು ನೀರಿನ ಗುಂಡಿ, ಇವೆರಡರ ಹತ್ತಿರ ಆಸೆ ಇಟ್ಟುಕೊಳ್ಳಬಹುದು.

ಆದರೆ ಅವು ಯಾವುದೂ ಡಾಂಬರು ರಸ್ತೆಯ ಮೇಲೆ ಇರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಕಡಲೆ ಮಿಠಾಯಿ
ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಕರಡಿ ನಿಜವಾಗಿ ಒರಲೆ ತಿನ್ನುತ್ತದಾ? ಜೇನು ಮಾತ್ರ ಅಂದುಕೊಂಡಿದ್ದೆ.

ತೋಟದ ಮನೆ
ತಿನ್ನುವುದಲ್ಲ ಮಾರಾಯ್ರೆ, ಎಳೆಯುವುದು. ಅದಕ್ಕೆ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲೇ ಇರುವುದಿಲ್ಲ. ಉಗುರಿನಿಂದ ಹುತ್ತ ಅಗೆದು, ಮೊದಲು ಉಫ್ ಅಂತ ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದೆ ಮಾಡಿ, ಹಲ್ಲಿಲ್ಲದ ಸಂದಿಯಿಂದ ಒಳಗಿನ ಒರಲೆಯನ್ನು ಎಳೆಯುತ್ತದೆ. ಮದುವೆ ಮನೆಯಲ್ಲಿ ಅಜ್ಜಂದಿರು ಬಾಳೆ ಎಲೆಯಿಂದ ಪಾಯಸ ಸೊರ್ರ್ ಅಂತ ಎಳೆಯುತ್ತಾರಲ್ಲ, ಅದೇ ಸದ್ದು. ರಾತ್ರಿ ಕಾಡು ಸುಮ್ಮನಿದ್ದರೆ ನೂರು ಮೀಟರ್ ಆಚೆಗೂ ಕೇಳುತ್ತದೆ. ನಮ್ಮ ಬೆಟ್ಟದ ಕಡೆಯಿಂದ ಕೇಳಿ ಬಂದದ್ದು ಇದೆ. ಟಾರ್ಚ್ ಹಿಡಿದು ನೋಡಲು ಮಾತ್ರ ನಾನು ಹೋಗುವುದಿಲ್ಲ.

ಜೊಯಿಡಾದವಳು
ಎಲ್ಲರ ಮಾತೂ ಓದಿದೆ. ಕರಡಿ ಅಂದರೆ ಏನೋ ಗೊಂಬೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಮ್ಮ ಹಳ್ಳಿಗಳಲ್ಲಿ ಹುಲಿಗಿಂತ ಕರಡಿಗೇ ಜನ ಜಾಸ್ತಿ ಹೆದರುತ್ತಾರೆ. ಹುಲಿ ಮನುಷ್ಯನ ಸದ್ದು ಕೇಳಿದರೆ ಸರಿದು ಹೋಗುತ್ತದೆ. ಕರಡಿ ಹಾಗಲ್ಲ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ತಲೆ ತಗ್ಗಿಸಿ ಹುತ್ತ ಅಗೆಯುತ್ತಿದ್ದರೆ ನೀವು ಹತ್ತಿರ ಬಂದದ್ದೇ ಗೊತ್ತಾಗುವುದಿಲ್ಲ. ಗೊತ್ತಾದಾಗ ಗಾಬರಿ, ಗಾಬರಿ ಆದರೆ ಮೈಮೇಲೆ ಬರುತ್ತದೆ. ಹಿಡಿಯುವುದು ತಲೆ, ಮುಖ. ಬೆನ್ನ ಮೇಲೆ ಮರಿ ಇದ್ದ ತಾಯಿಯಂತೂ ಕೇಳುವುದೇ ಬೇಡ.

ನಮ್ಮ ಕೇರಿಯಲ್ಲೇ ಒಬ್ಬರು ಬೆಳಿಗ್ಗೆ ಗೇರುಬೀಜ ಹೆಕ್ಕಲು ಹೋದವರು ಒಂದು ಕಣ್ಣು ಕಳೆದುಕೊಂಡರು. ಕುಣಬಿಯರು, ಗೌಳಿಗರು, ಸಿದ್ದಿಯರು ದಿನಾ ಕಾಡಿನಲ್ಲೇ ನಡೆಯುವವರು. ದರಗು (ಒಣ ಎಲೆ), ಸೌದೆ, ಜೇನು, ಮುರುಗಲು, ದನ, ಎಲ್ಲಕ್ಕೂ ಕಾಡಿಗೇ ಹೋಗಬೇಕು. ಅವರು ಒಬ್ಬರೇ ಹೋಗುವುದಿಲ್ಲ, ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗುತ್ತಾರೆ. ಮನುಷ್ಯ ಬರುತ್ತಿದ್ದಾನೆ ಅಂತ ಕರಡಿಗೆ ಮೊದಲೇ ತಿಳಿಯಲಿ ಅಂತ.

ಕೋಡಿಬಾಗದವರೇ, ನಿಮ್ಮ ಅಳಿಯನಿಗೆ ಕರಡಿ ತೋರಿಸಿ, ಬೇಡ ಅನ್ನುವುದಿಲ್ಲ. ರಸ್ತೆ ಪಕ್ಕ ಕಾರು ನಿಲ್ಲಿಸಿ ಕಾಡೊಳಗೆ ನಾಲ್ಕು ಹೆಜ್ಜೆ ಹೋಗಿ ನೋಡೋಣ ಅಂತ ಮಾತ್ರ ಮಾಡಬೇಡಿ. ಮೂತ್ರಕ್ಕೂ ಕಂಡ ಕಂಡಲ್ಲಿ ಇಳಿಯಬೇಡಿ. ಊರು ಬಂದಾಗ ಇಳಿಯಿರಿ.

ಕೋಡಿಬಾಗದ ಹುಡುಗ
ಅಕ್ಕಾ, ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲ. ಕಾರು ಬಿಟ್ಟು ಇಳಿಯುವುದಿಲ್ಲ, ಖಂಡಿತ. ಒಂದು ವೇಳೆ ರಸ್ತೆಯಲ್ಲೇ ಎದುರು ಬಂದರೆ ಏನು ಮಾಡಬೇಕು?

ಸ್ಟೇರಿಂಗ್ ಮಾಮ
ಗಾಡಿ ನಿಲ್ಲಿಸು. ಗಾಜು ಏರಿಸು. ದೀಪ ಡಿಮ್ ಮಾಡು, ಹಾರ್ನ್ ಹೊಡೆಯಬೇಡ. ಅದು ತನ್ನ ಪಾಡಿಗೆ ದಾಟಿ ಹೋಗುತ್ತದೆ. ಹೋದ ಮೇಲೂ ಸ್ವಲ್ಪ ಹೊತ್ತು ಕಾಯಿ, ಹಿಂದೆ ಮರಿ ಇರಬಹುದು. ಅದು ಎದ್ದು ನಿಂತರೆ ದಾಳಿಗೇ ಬಂತು ಅಂದುಕೊಳ್ಳಬೇಡ, ಏನಿದು ಅಂತ ನೋಡಲು, ಮೂಸಲು ನಿಲ್ಲುವುದೂ ಉಂಟು. ಮುಂದೆ ಹೋಗಿ ಅಡ್ಡಗಟ್ಟಿ ವಿಡಿಯೋ ಮಾಡುವ ಬುದ್ಧಿವಂತರನ್ನು ನೋಡಿದ್ದೇನೆ. ಅಂಥವರ ಹಿಂದೆ ನಿನ್ನ ಗಾಡಿ ಸಿಕ್ಕಿಹಾಕಿಕೊಳ್ಳದಂತೆ ನೋಡಿಕೋ.

ನಮ್ಮ ಕಾಲದಲ್ಲಿ ಕರಡಿ ನೋಡಲು ಇಷ್ಟು ಕಷ್ಟ ಇರಲಿಲ್ಲ ಬಿಡು. ಅಂಗಳಕ್ಕೇ ಬರುತ್ತಿತ್ತು. ಮೂಗಿಗೆ ಹಗ್ಗ ಹಾಕಿ ಆಡಿಸುತ್ತಾ ತರುತ್ತಿದ್ದರು. ಹೆದರುವ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುವುದು, ಕೂದಲು ಕಿತ್ತು ತಾಯಿತಕ್ಕೆ ಹಾಕುವುದು. ನನ್ನನ್ನೂ ಕೂರಿಸಿದ್ದರು. ಈಗ ನೆನೆಸಿದರೆ ಆ ಪ್ರಾಣಿಯ ಪಾಡು ಬೇಸರ ತರಿಸುತ್ತದೆ.

ಮಂಗಟ್ಟೆ
ಮಾಮ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಆ ಆಟ ಬಹಳ ವರ್ಷ ನಡೆದಿತ್ತು. ದೇಶದಲ್ಲಿ ಅದು ಹೆಚ್ಚುಕಡಿಮೆ ನಿಂತದ್ದು 2009ರ ಹೊತ್ತಿಗೆ. ಹಾಗೆ ಬಿಡಿಸಿದ ಕರಡಿಗಳಲ್ಲಿ ಸುಮಾರು ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೂ ಬಂದವು. ಮರಿ ಹಿಡಿಯಲು ತಾಯಿಯನ್ನು ಕೊಲ್ಲುತ್ತಿದ್ದರು, ಅದು ಇನ್ನೂ ಕೆಟ್ಟ ಕಥೆ.

ಕೋಡಿಬಾಗದವರಿಗೆ ನನ್ನ ಸಲಹೆ. ನಾನು ಕ್ಯಾಮೆರಾ ಹಿಡಿದು ದಾಂಡೇಲಿ ಕಡೆ ಓಡಾಡುವವನು, ಹೆಚ್ಚಾಗಿ ಹಕ್ಕಿಗೆ. ಕರಡಿಯೇ ಬೇಕು ಅಂದರೆ ನಿಮ್ಮ ಕಾರು ದಾಂಡೇಲಿಯಲ್ಲಿ ಬಿಟ್ಟು ಇಲಾಖೆಯ ಸಫಾರಿ ಜೀಪು ಹತ್ತಿ. ಕಾಳಿ ಹುಲಿ ಮೀಸಲಿನ ಸಫಾರಿ ಫಣಸೋಲಿಯಿಂದ ಹೊರಡುತ್ತದೆ, ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ತೋಟದ ಮನೆಯವರು ಹೇಳಿದ ಎಲೆ ಉದುರುವ ಕಾಡು, ನೀರಿನ ಗುಂಡಿ, ಎಲ್ಲ ಜೀಪಿನ ದಾರಿಯಲ್ಲೇ ಬರುತ್ತದೆ. ಡ್ರೈವರ್‌ಗೆ ನಿನ್ನೆ ಎಲ್ಲಿ ಏನು ಕಂಡಿತು ಅಂತಲೂ ಗೊತ್ತಿರುತ್ತದೆ. ಹಾಗಂತ ಗ್ಯಾರಂಟಿ ಏನೂ ಇಲ್ಲ. ಇದು ಬಂಡೀಪುರದ ಹಾಗೆ ತೆರೆದ ಕಾಡಲ್ಲ. ಹತ್ತು ಅಡಿ ಒಳಗೆ ಆನೆ ನಿಂತಿದ್ದರೂ ಕಾಣದೆ ಹೋಗಬಹುದು.

ಮಕ್ಕಳಿಗೆ ಮೊದಲೇ ಕರಡಿಯ ಗುರುತು ಹೇಳಿಕೊಡಿ. ಬುಡ ಒಡೆದ ಹುತ್ತ, ಮಣ್ಣಿನಲ್ಲಿ ಉದ್ದ ಉಗುರಿನ ಗೀರು. ದೂಳಿನಲ್ಲಿ ಹೆಜ್ಜೆ ಕಂಡರೆ ಹಿಂದಿನ ಪಾದ ನೋಡಿ, ಬರಿಗಾಲಿನ ಮನುಷ್ಯ ನಡೆದ ಹಾಗೇ ಇರುತ್ತದೆ, ಮುಂದೆ ಉಗುರಿನ ಚುಕ್ಕೆ ಬೇರೆ. ನಮ್ಮ ಜೀಪಿನಲ್ಲಿ ಒಮ್ಮೆ ಒಬ್ಬ ಹುಡುಗ ಕರಡಿ ಕಾಣದಿದ್ದರೂ ಹೊಸದಾಗಿ ಅಗೆದ ಹುತ್ತ ಕಂಡು ಕುಣಿದುಬಿಟ್ಟ. ಅವನ ಅಪ್ಪನಿಗೆ ಮಾತ್ರ ಟಿಕೆಟ್ ದುಡ್ಡಿನದ್ದೇ ಚಿಂತೆ.

ಬೆಳಗಾವಿ ಬುಲೆಟ್
ಗ್ಯಾರಂಟಿ ಬೇಕಿದ್ದರೆ ದರೋಜಿಗೆ ಹೋಗಿ. ಹಂಪಿ ಪಕ್ಕ. ನಾನು ನೋಡಿದ್ದೇನೆ, ಕೋಳಿ ಮರಿಗಳ ಹಾಗೆ ಸಾಲಾಗಿ ಇಳಿದು ಬಂದವು.

ಮಂಗಟ್ಟೆ
ಈ ಸಲ ಬುಲೆಟ್ ಹೇಳಿದ್ದು ಒಪ್ಪುತ್ತೇನೆ. ದರೋಜಿ ಕರಡಿಧಾಮ 1994ರಲ್ಲಿ ಕರಡಿಗೆಂದೇ ಮಾಡಿದ್ದು, ಈಗ ವಿಜಯನಗರ ಜಿಲ್ಲೆ. ಬಂಡೆ ಗುಡ್ಡ, ಮುಳ್ಳು ಕಂಟಿ, ಸೀತಾಫಲ, ಹುತ್ತ. ಕರಡಿಗೆ ಹೇಳಿ ಮಾಡಿಸಿದ ಜಾಗ. ಮಧ್ಯಾಹ್ನ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿದ ಮೇಲೆ ಗುಹೆಯಿಂದ ಕರಡಿ ಇಳಿದು ಬಂದು ನೆಕ್ಕುತ್ತದೆ. ದೂರದ ವೀಕ್ಷಣಾ ಗೋಪುರದಲ್ಲಿ ಕೂತು ನೋಡಬೇಕು, ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿಯೂ ಕಾಣಬಹುದು.

ತೋಟದ ಮನೆ
ಬೆಲ್ಲ ನೆಕ್ಕಲು ಬಂದ ಕರಡಿ ನೋಡಿದ್ದನ್ನು ಕಾಡುಕರಡಿ ನೋಡಿದೆ ಅಂತ ಲೆಕ್ಕ ಹಿಡಿಯುವುದಾ? ನನಗೆ ಸಮಾಧಾನ ಇಲ್ಲ.

ಮಂಗಟ್ಟೆ
ಕರಡಿಗೆ ಬೇಲಿ ಇಲ್ಲ, ಬೇಕಾದರೆ ಬರುತ್ತದೆ, ಬೇಡವಾದರೆ ಇಲ್ಲ. ಜನ ಎತ್ತರದಲ್ಲಿ ದೂರ ಇರುತ್ತಾರೆ, ಕರಡಿಗೂ ಕಿರಿಕಿರಿ ಕಡಿಮೆ. ಹೆಡ್‌ಲೈಟ್ ಹಾಕಿ ರಸ್ತೆಯಲ್ಲಿ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ. ನಿಮಗೆ ಸಮಾಧಾನ ಇಲ್ಲದ್ದು ನನಗೆ ಅರ್ಥವಾಗುತ್ತದೆ. ಆದರೆ ಸಣ್ಣ ಹುಡುಗನಿಗೆ ಈ ಭೇದ ಬೇಕಾಗಿಲ್ಲ, ಅಲ್ವಾ?

ಬೆಳಗಾವಿ ಬುಲೆಟ್
ಹಾಗಾದರೆ ಅಣಶಿ ರಸ್ತೆ ಪಕ್ಕ ನಾವೇ ಒಂದು ಅಚ್ಚು ಬೆಲ್ಲ ಇಟ್ಟರೆ ಹೇಗೆ 😄

ಜೊಯಿಡಾದವಳು
ನೀವು ಬೆಲ್ಲ ಇಟ್ಟು ಬೆಳಗಾವಿಗೆ ಹೋಗುತ್ತೀರಿ. ಮರುದಿನ ಅದೇ ಜಾಗದಲ್ಲಿ ಬಸ್ಸಿಗೆ ಕಾಯುವವರು ನಮ್ಮ ಮಕ್ಕಳು. ತಮಾಷೆಗೂ ಇಂಥದ್ದು ಬರೆಯಬೇಡಿ. ಓದಿ ನಿಜವಾಗಿ ಮಾಡುವವರು ಇರುತ್ತಾರೆ. ಈಗಾಗಲೇ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆದು ಎಸೆದು ಅವು ಕಾರಿನ ಕಿಟಕಿಗೇ ಕೈ ಹಾಕುತ್ತಿವೆ.

ಬೆಳಗಾವಿ ಬುಲೆಟ್
ಸರಿ ಅಕ್ಕಾ, ಮಾತು ವಾಪಸ್.

ಸಿರಸಿ ಪೇಟೆ
ನಮ್ಮ ಕಡೆ ಯಾರೂ ಮಾತೇ ಎತ್ತಲಿಲ್ಲ. ದೇವಿಮನೆ ಘಾಟಿ, ಯಾಣ ಕಡೆ ಕರಡಿ ಇಲ್ಲವಾ? ಯಾಣದ ಬಂಡೆಯಲ್ಲಿ ಹೆಜ್ಜೇನು ಹುಟ್ಟು ಅಷ್ಟೊಂದು ನೇತಾಡುತ್ತದೆ, ಕರಡಿ ಬರಲೇಬೇಕಲ್ಲ.

ತೋಟದ ಮನೆ
ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ನೆಟ್ಟಗೆ ನಿಂತ ಬಂಡೆ. ಆ ಜೇನಿಗೆ ಕರಡಿಯೂ ಕೈ ಮುಗಿದು ಹೋಗಬೇಕು. ಸಿರಸಿ–ಕುಮಟಾ ಘಾಟಿಯದ್ದೂ ಅದೇ ಕಥೆ, ದಟ್ಟ ಹಸಿರು, ಮೇಲಾಗಿ ವಾಹನ ಜಾಸ್ತಿ. ನಿಮ್ಮ ಕಡೆಯ ವಿಶೇಷ ಬೇರೆ. ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿ ಮಲೆಮನೆ, ಕತ್ತಲೆಕಾನು ಕಡೆ ಬಂದರೆ ಸಿಂಗಳೀಕ ಕಾಣುವ ಅವಕಾಶ ಒಳ್ಳೆಯದಿದೆ. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ ಅದು. ಕರಡಿ ಹುಡುಕುವ ಗಡಿಬಿಡಿಯಲ್ಲಿ ಜನ ಅದನ್ನು ಬರೀ ಮಂಗ ಅಂತ ಬಿಟ್ಟು ಹೋಗುತ್ತಾರೆ.

ಸಿರಸಿ ಪೇಟೆ
ಅದು ನಿಜ. ಮಳೆಗಾಲದಲ್ಲಿ ಮಾತ್ರ ಯಾವ ಘಾಟಿಗೂ ಸುತ್ತಾಡಲು ಬರಬೇಡಿ ಅಂತ ನನ್ನದೊಂದು ಸೇರಿಸುತ್ತೇನೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ರಸ್ತೆ ಬದಿ ನಿಲ್ಲಿಸಿ ಚಹಾ ಕುಡಿಯುವ ಜಾಗವೇ ಹೋಯಿತು.

ಕೋಡಿಬಾಗದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಭಾವನ ಹತ್ತಿರ ಮಾತಾಡಿದೆ. ಈಗ ಲೆಕ್ಕ ಹೀಗೆ. ಬೆಳಿಗ್ಗೆ ಬೇಗ ಕಾರವಾರ ಬಿಟ್ಟು ಹಗಲಲ್ಲೇ ಅಣಶಿ ಘಾಟಿ ಹತ್ತಿ ದಾಂಡೇಲಿ. ಅಲ್ಲಿ ರಾತ್ರಿ ಉಳಿದು ಮರುದಿನ ಬೆಳಗಿನ ಸಫಾರಿ. ಕರಡಿ ಕಂಡರೆ ಸರಿ, ಇಲ್ಲದಿದ್ದರೆ ಅವರು ಬೆಂಗಳೂರಿಗೆ ವಾಪಸ್ ಹೋಗುವಾಗ ಹುಬ್ಬಳ್ಳಿ, ಕೊಪ್ಪಳ ಮೇಲೆ ಹಂಪಿ ನೋಡಿಕೊಂಡು ದರೋಜಿಗೆ ಹೋಗುತ್ತಾರಂತೆ. ನಡುವೆ ಉಳವಿಗೂ ಹೋಗಬೇಕು ಅಂತ ಅಕ್ಕನ ಬೇಡಿಕೆ, ಚನ್ನಬಸವಣ್ಣನ ಗುಡಿ ನೋಡಬೇಕಂತೆ. ಒಂದೇ ದಿನದಲ್ಲಿ ಆಗುತ್ತದಾ?

ಜೊಯಿಡಾದವಳು
ಆಗುತ್ತದೆ. ಅಣಶಿ ದಾಟಿ ಕುಂಬಾರವಾಡಾದಲ್ಲಿ ಉಳವಿ ರಸ್ತೆ ಹಿಡಿಯಿರಿ. ಹೋಗಿ ಬರಲು ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ. ಆ ರಸ್ತೆಯೂ ಒಳ್ಳೇ ಕಾಡು, ತಿರುವು ಜಾಸ್ತಿ. ಕತ್ತಲಾಗುವ ಮೊದಲು ಜೊಯಿಡಾ ದಾಟಿಬಿಡಿ. ಜೊಯಿಡಾ ಪೇಟೆಯಲ್ಲಿ ನಮ್ಮ ಕಡೆಯ ಗೆಡ್ಡೆ ಗೆಣಸು ಸಿಕ್ಕರೆ ತಗೊಳ್ಳಿ. ಕುಣಬಿಯರು ಬೆಳೆಸುವ ಮುಡ್ಲಿ ಗೆಡ್ಡೆ ಬೇಯಿಸಿ ತಿಂದರೆ ಮಕ್ಕಳಿಗೂ ಹಿಡಿಸುತ್ತದೆ.

ಮಂಗಟ್ಟೆ
ಸಫಾರಿಗೆ ಮೊದಲೇ ಬುಕ್ ಮಾಡಿ, ಪರೀಕ್ಷೆ ಮುಗಿದ ಮೇಲೆ ಶನಿವಾರ ಭಾನುವಾರ ರಶ್ ಇರುತ್ತದೆ. ಗಾಢ ಬಣ್ಣದ ಬಟ್ಟೆ, ಸೆಂಟು ಬೇಡ. ದಾಂಡೇಲಿ ಪೇಟೆ ಹತ್ತಿರದ ಅತ್ತಿ, ಆಲದ ಮರಗಳ ಮೇಲೊಂದು ಕಣ್ಣಿಡಿ. ಮಂಗಟ್ಟೆ ಹಕ್ಕಿಗೆ ಕಾಡೊಳಗೆ ಹೋಗಬೇಕಾಗಿಲ್ಲ, ಹಣ್ಣಿದ್ದರೆ ಅಲ್ಲೇ ಕೂತಿರುತ್ತದೆ. ನಾಲ್ಕು ಜಾತಿ ಮಂಗಟ್ಟೆ ಇರುವ ಊರು ಅದು. ನಿಮ್ಮ ಅಳಿಯ ಕರಡಿ ಮರೆತು ಹಕ್ಕಿ ಹಿಂದೆ ಬಿದ್ದರೆ ನನ್ನನ್ನು ಬೈಯಬೇಡಿ.

ಸ್ಟೇರಿಂಗ್ ಮಾಮ
ತಮ್ಮಾ, ಪೆಟ್ರೋಲ್ ಕಾರವಾರದಲ್ಲೇ ಫುಲ್ ಮಾಡಿಸು. ದಾಂಡೇಲಿಗೆ ಸುಮಾರು 110 ಕಿಲೋಮೀಟರ್, ಘಾಟಿ ಹತ್ತುವಾಗ ಸಣ್ಣ ಗಾಡಿ ಜಾಸ್ತಿ ಕುಡಿಯುತ್ತದೆ. ಮಕ್ಕಳಿಗೆ ವಾಂತಿ ಮಾತ್ರೆ ಹೊರಡುವ ಅರ್ಧ ಗಂಟೆ ಮೊದಲೇ ಕೊಡು, ಕದ್ರಾ ಬಂದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ. ಬರುವಾಗ ಅರಬೈಲ್ ಘಾಟಿಯಲ್ಲಿ ಲಾರಿ ಸಾಲು ಇರುತ್ತದೆ. ಎರಡನೇ ಗೇರಿನಲ್ಲಿ ಇಳಿ, ಬ್ರೇಕ್ ಮೇಲೇ ಕಾಲಿಟ್ಟು ಕೂರಬೇಡ.

ಕೋಡಿಬಾಗದ ಹುಡುಗ
ಆಯಿತು ಮಾಮ. ವಾಂತಿ ಮಾತ್ರೆ ಭಾವನಿಗೂ ಒಂದು ಬೇಕಾಗುತ್ತದೆ.